ಪತ್ತೇದಾರನ ಮನೆಯ ಬಾಗಿಲು ತೆಗೆಯುವವರು ಯಾರು?

ಪತ್ತೇದಾರಿ ಕಾದಂಬರಿಯಲ್ಲಿ ಕೊಲೆ ಮಾಡಿದವರು ಯಾರೆಂದು ಕೊನೆಯ ಪುಟದಲ್ಲಾದರೂ ಗೊತ್ತಾಗುತ್ತದೆ. ಆದರೆ ಪತ್ತೇದಾರ ದಿನವಿಡೀ ಅಲೆದು ರಾತ್ರಿ ಮನೆಗೆ ಬಂದಾಗ ಬಾಗಿಲು ತೆಗೆಯುವವರು ಯಾರು? ರೊಟ್ಟಿ ಬಡಿಸುವವರು ಯಾರು? ಜ್ವರ ಬಂದರೆ ಹಣೆ ಮುಟ್ಟಿ ನೋಡುವವರು ಯಾರು? ಇದನ್ನು ಬಹಳ ಪುಸ್ತಕಗಳು ಹೇಳುವುದೇ ಇಲ್ಲ. ಈ ಸಲ ನಾವು ಆ ಬಾಗಿಲಿನ ಚರಿತ್ರೆ ಬರೆಯುತ್ತಿದ್ದೇವೆ. ಆ ಬಾಗಿಲು ತೆಗೆಯುವವನೂ ಗಂಡಸೇ ಆಗಿದ್ದರೆ ಕಥೆ ಏನಾಗುತ್ತದೆ ಎಂಬುದರ ಚರಿತ್ರೆ.

ಈ ವಿಷಯ ತೆಗೆದಾಗ ನಮ್ಮೊಳಗೇ ಒಬ್ಬರು ಕೇಳಿದರು: "ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಮಂದಿಗೆ ಇದರಾಗ ಏನೈತಿ?" ಪ್ರಶ್ನೆ ಸರಿಯಾದದ್ದೇ. ಉತ್ತರ ಸ್ವಲ್ಪ ಸುತ್ತು ಹಾಕಿಕೊಂಡು ಬರುತ್ತದೆ.

ಮೊದಲು ಒಂದು ಮಾತು. ಗಂಡಸನ್ನೇ ಪ್ರೀತಿಸುವ ಗಂಡಸಿಗೆ ಇಂಗ್ಲಿಷಿನಲ್ಲಿ ಗೇ ಎನ್ನುತ್ತಾರೆ. ನಮ್ಮ ಪತ್ರಿಕೆಗಳು 'ಸಲಿಂಗಕಾಮಿ' ಎಂದು ಬರೆಯುತ್ತ ಬಂದಿವೆ. ಗಂಡ ಹೆಂಡತಿಯನ್ನು ಯಾರೂ ಕಾಮಿಗಳು ಎನ್ನುವುದಿಲ್ಲ, ಸಂಸಾರಸ್ಥರು ಎನ್ನುತ್ತಾರೆ. ಹಾಗಾಗಿ ನಾವು ಇಲ್ಲಿ ಸಲಿಂಗ ಪ್ರೇಮಿ ಎಂದೇ ಬರೆಯುತ್ತೇವೆ.

ಹಳೆಯ ಪತ್ತೇದಾರಿ ಕಥೆಗಳಲ್ಲಿ ಇಬ್ಬರು ಗಂಡಸರು ಒಂದೇ ಮನೆಯಲ್ಲಿರುವುದು ಹೊಸತಲ್ಲ. 1887ರಲ್ಲಿ ಬಂದ ಮೊದಲ ಕಾದಂಬರಿಯಲ್ಲೇ ಷರ್ಲಾಕ್ ಹೋಮ್ಸ್ ಮತ್ತು ಡಾಕ್ಟರ್ ವಾಟ್ಸನ್ ಬಾಡಿಗೆ ಹಂಚಿಕೊಂಡು ಒಂದು ಮನೆ ಹಿಡಿಯುತ್ತಾರೆ. ಮುಂದೆ ವಾಟ್ಸನ್ ಮದುವೆಯಾಗಿ ಹೊರಗೆ ಹೋಗುತ್ತಾನೆ, ಹೆಂಡತಿ ತೀರಿಕೊಂಡ ಮೇಲೆ ಮತ್ತೆ ಅದೇ ಮನೆಗೆ ಬರುತ್ತಾನೆ. ಬಂಗಾಳದ ಶರದಿಂದು ಬಂದ್ಯೋಪಾಧ್ಯಾಯರು 1930ರ ದಶಕದಲ್ಲಿ ಬರೆಯಲು ಶುರು ಮಾಡಿದ ಬ್ಯೋಮಕೇಶ್ ಬಕ್ಷಿ ಕಥೆಗಳನ್ನು ನಮ್ಮ ಹಿರಿಯರಲ್ಲಿ ಹಲವರು 1993ರಲ್ಲಿ ದೂರದರ್ಶನದಲ್ಲಿ ನೋಡಿದ್ದಾರೆ. ಅಲ್ಲಿ ಬ್ಯೋಮಕೇಶ್ ಮತ್ತು ಅಜಿತ್ ಭೇಟಿಯಾಗುವುದು ಕಲ್ಕತ್ತದ ಒಂದು ಮೆಸ್ಸಿನಲ್ಲಿ. ನಮ್ಮ ಖಾನಾವಳಿ ಮತ್ತು ಬಾಡಿಗೆ ಖೋಲಿ ಎರಡೂ ಸೇರಿದಂಥ ಜಾಗ ಅದು. ಖೋಲಿ ಖಾಲಿ ಇಲ್ಲವೆಂದು ಇಬ್ಬರೂ ಒಂದೇ ಖೋಲಿಯಲ್ಲಿ ಉಳಿಯುತ್ತಾರೆ, ಆಮೇಲೆ ಬ್ಯೋಮಕೇಶ್ ಅಜಿತನನ್ನು ತನ್ನ ಮನೆಗೇ ಕರೆದುಕೊಂಡು ಹೋಗುತ್ತಾನೆ. ಬ್ಯೋಮಕೇಶನ ಮದುವೆಯಾದ ಮೇಲೂ ಅಜಿತ್ ಅಲ್ಲೇ ಇರುತ್ತಾನೆ.

ಇವರೆಲ್ಲ ಸಲಿಂಗ ಪ್ರೇಮಿಗಳು ಎಂದು ನಾವು ಹೇಳುತ್ತಿಲ್ಲ. ಇಬ್ಬರು ಗಂಡಸರು ಒಂದೇ ಒಲೆಯಲ್ಲಿ ಚಹಾ ಕುದಿಸಿಕೊಂಡು ಇದ್ದರೆ ಓದುಗರು ಏನೂ ಕೇಳುತ್ತಿರಲಿಲ್ಲ, ಲೇಖಕರೂ ಏನೂ ಹೇಳುತ್ತಿರಲಿಲ್ಲ ಎಂಬುದಷ್ಟೇ ನಮ್ಮ ಮಾತು.

ಕನ್ನಡದಲ್ಲಿ ಎನ್. ನರಸಿಂಹಯ್ಯನವರು 500ಕ್ಕೂ ಹೆಚ್ಚು ಕಾದಂಬರಿ ಬರೆದು 'ಪತ್ತೇದಾರ ಪುರುಷೋತ್ತಮ'ನನ್ನು ಮನೆಮಾತು ಮಾಡಿದರು. ಶಾಲೆ ಕಲಿತದ್ದು ನಾಲ್ಕನೆಯ ಇಯತ್ತೆವರೆಗೆ ಮಾತ್ರ. ಬಸ್ ಸ್ಟ್ಯಾಂಡಿನಲ್ಲಿ ಕೊಂಡು, ಊರು ಮುಟ್ಟುವುದರೊಳಗೆ ಓದಿ ಮುಗಿಸಿ, ಇನ್ನೊಬ್ಬರ ಕೈಗೆ ಕೊಡುವ ಪುಸ್ತಕಗಳವು. ಕನ್ನಡ ಓದುವ ಚಟ ಹಚ್ಚಿದ್ದೇ ಅವು ಎನ್ನುವ ಮಂದಿ ಇವತ್ತಿಗೂ ಸಿಗುತ್ತಾರೆ. ಆ ಕಪಾಟು ಅಷ್ಟು ದೊಡ್ಡದಿದ್ದರೂ, ನಮಗೆ ಗೊತ್ತಿರುವ ಮಟ್ಟಿಗೆ ಸಲಿಂಗ ಪ್ರೇಮಿ ಪತ್ತೇದಾರನ ಮನೆ ಅದರಲ್ಲಿಲ್ಲ. ಆ ಮನೆ ನೋಡಲು ಅಮೆರಿಕಕ್ಕೆ ಹೋಗಬೇಕು.

ಅಲ್ಲಿ 1970ರಲ್ಲಿ ಜೋಸೆಫ್ ಹ್ಯಾನ್ಸನ್ ಎಂಬ ಲೇಖಕ ಡೇವ್ ಬ್ರ್ಯಾಂಡ್‌ಸ್ಟೆಟರ್ ಎಂಬ ಪತ್ತೇದಾರನನ್ನು ತಂದ. ವಿಮಾ ಕಂಪನಿಯ ತನಿಖೆ ಮಾಡುವವನು, ಗಟ್ಟಿಮುಟ್ಟಾದ ಗಂಡಸು. ಮೊದಲ ಪುಸ್ತಕದಲ್ಲಿ ಅವನು ಶೋಕದಲ್ಲಿದ್ದಾನೆ, ವರ್ಷಗಟ್ಟಲೆ ಜೊತೆಗಿದ್ದ ಸಂಗಾತಿ ತೀರಿಕೊಂಡಿದ್ದಾನೆ. ಅವನಿಗಾಗಿ ಊರವರು ಮಾತನಾಡಿಸಲು ಬರುವುದಿಲ್ಲ, ಸೂತಕವಿಲ್ಲ, ದಿನಕರ್ಮವಿಲ್ಲ. ಅವನು ಕೆಲಸಕ್ಕೆ ಹೋಗಬೇಕು. 1991ರವರೆಗೆ 12 ಕಾದಂಬರಿಗಳಲ್ಲಿ ಅವನಿಗೆ ವಯಸ್ಸಾಗುತ್ತ ಹೋಗುತ್ತದೆ.

ನಮಗೆ ಹೆಚ್ಚು ಹತ್ತಿರ ಅನ್ನಿಸಿದ್ದು ಎರಡನೆಯ ಮನೆ, ಆಲ್ಬನಿ ಎಂಬ ಊರಿನದು. ನ್ಯೂಯಾರ್ಕ್ ರಾಜ್ಯದ ರಾಜಧಾನಿ ಅದು. ಹೆಸರಿಗೆ ರಾಜಧಾನಿಯಾದರೂ ಜನಸಂಖ್ಯೆ ಸುಮಾರು 1 ಲಕ್ಷ. ನಮ್ಮ ವಿಜಯಪುರ ನಗರದಲ್ಲಿ 2011ರ ಜನಗಣತಿಗೇ 3 ಲಕ್ಷ ದಾಟಿತ್ತು. ಅಂಥ ಸಣ್ಣ ಊರಿನಲ್ಲಿ ಡೊನಾಲ್ಡ್ ಸ್ಟ್ರೇಚಿ ಎಂಬ ಖಾಸಗಿ ಪತ್ತೇದಾರ ಮತ್ತು ಅವನ ಸಂಗಾತಿ ಟಿಮೊಥಿ ಕ್ಯಾಲಹನ್ ಇದ್ದಾರೆ. ಟಿಮ್ಮಿ ಒಬ್ಬ ಶಾಸಕರ ಕಚೇರಿಯಲ್ಲಿ ನೌಕರಿ ಮಾಡುತ್ತಾನೆ. ಮೊದಲ ಕಾದಂಬರಿ ಬಂದದ್ದು 1981ರಲ್ಲಿ. ಲೇಖಕರು ರಿಚರ್ಡ್ ಲಿಪೆಜ್. ಪತ್ರಿಕೆಗಳಿಗೂ ಬರೆಯುತ್ತಿದ್ದರು, ಕಾದಂಬರಿಗೆ ಮಾತ್ರ ರಿಚರ್ಡ್ ಸ್ಟೀವನ್ಸನ್ ಎಂಬ ಹೆಸರು ಇಟ್ಟುಕೊಂಡರು. 2022ರಲ್ಲಿ ತೀರಿಕೊಂಡರು.

ಈ ಸರಣಿಯಲ್ಲಿ ಕೊಲೆಗಳಿವೆ, ಗುಟ್ಟುಗಳಿವೆ, ಅವನ್ನು ಬಿಡೋಣ. ನಾಲ್ಕು ದಶಕದ ಉದ್ದಕ್ಕೂ ಒಂದೇ ಜೋಡಿಯನ್ನು ನೋಡುತ್ತ ಹೋಗಬಹುದು ಎಂಬುದು ಅದರ ವಿಶೇಷ. ಶುರುವಿನ ಪುಸ್ತಕಗಳಲ್ಲಿ ಇಬ್ಬರಿಗೂ ಜಗಳ. ಡೊನಾಲ್ಡನ ಕಣ್ಣು ಅತ್ತಿತ್ತ ಹೋಗುತ್ತದೆ, ಟಿಮ್ಮಿ ಒಬ್ಬನಿಗೇ ನಿಷ್ಠೆಯಿಂದ ಇರುವವನು. ಮುನಿಸು, ಮಾತು ಬಿಡುವುದು, ಮತ್ತೆ ಕೂಡುವುದು ನಡೆದೇ ಇರುತ್ತದೆ. ಬರಬರುತ್ತ ಅವರು ಹಳೆಯ ಗಂಡ ಹೆಂಡತಿಯರಂತೆ ಒಬ್ಬರ ಮಾತನ್ನು ಇನ್ನೊಬ್ಬರು ಪೂರ್ತಿ ಮಾಡುವಷ್ಟು ಹಳಬರಾಗುತ್ತಾರೆ. ಇದರಲ್ಲಿ ವಿಶೇಷ ಏನು ಎಂದು ಕೇಳಬಹುದು. ವಿಶೇಷ ಏನೂ ಇಲ್ಲ. ಹಾಗೆ ವಿಶೇಷವಿಲ್ಲದೆ ಬದುಕಲು ಅಂಥ ಜೋಡಿಗಳಿಗೆ ಕಥೆಯಲ್ಲಿ ಅಲ್ಲಿಯವರೆಗೆ ಜಾಗವೇ ಇರಲಿಲ್ಲ.

ಎರಡನೆಯ ಕಾದಂಬರಿ 1984ರದು. ಅದು ನಮ್ಮ ಬಸವನ ಬಾಗೇವಾಡಿ, ಮುದ್ದೇಬಿಹಾಳದ ಓದುಗರಿಗೆ ಬೇರೆ ಕಾರಣಕ್ಕೂ ತಟ್ಟೀತು. ಅದರಲ್ಲಿ ಒಟ್ಟಿಗೆ ಬಾಳುತ್ತಿರುವ ಇಬ್ಬರು ವಯಸ್ಸಾದ ಹೆಂಗಸರಿದ್ದಾರೆ. ದೊಡ್ಡ ಅಂಗಡಿ ಸಂಕೀರ್ಣ ಕಟ್ಟುವ ಕಂಪನಿಗೆ ಅವರ ಜಾಗ ಬೇಕು. ಅವರು ಮನೆ ಮಾರುವುದಿಲ್ಲ. ಬೆದರಿಕೆ ಶುರುವಾಗುತ್ತದೆ. ಆಲಮಟ್ಟಿ ಹಿನ್ನೀರಿಗೆ ಮನೆ, ಹೊಲ ಕೊಟ್ಟವರಿಗೆ ಜಾಗ ಬಿಡುವ ಸಂಕಟ ಗೊತ್ತು. ಈ ಇಬ್ಬರದು ಇನ್ನೂ ಒಂದು ಸುತ್ತು ಬಿಗಿ. ಅದೊಂದೇ ಮನೆಯಲ್ಲಿ ಅವರು ಯಾರಿಗೂ ಏನೂ ವಿವರಿಸದೆ ಇದ್ದವರು.

2011ರ ಜೂನ್ 24ರಂದು ನ್ಯೂಯಾರ್ಕ್ ರಾಜ್ಯದ ಸೆನೆಟ್ 33 ಮತಗಳಿಗೆ 29 ಮತಗಳಂತೆ ಸಲಿಂಗ ವಿವಾಹದ ಕಾಯ್ದೆ ಒಪ್ಪಿತು. ಅದು ಸೇರಿದ್ದು ಇದೇ ಆಲ್ಬನಿಯಲ್ಲಿ. 2015ರ ಜೂನ್ 26ರಂದು ಅಮೆರಿಕದ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಅದನ್ನು ಅನ್ವಯಿಸಿತು. ಕಾದಂಬರಿಯ ಜೋಡಿ ಜಗಳವಾಡುತ್ತ ಶುರು ಮಾಡಿದ ಊರಿನಲ್ಲೇ, ಸರಣಿ ಮುಗಿಯುವುದರೊಳಗೆ, ಕಾನೂನು ಬದಲಾಯಿತು.

ಈಗ ನಮ್ಮ ಕಡೆಗೆ ಬರೋಣ. ಕನ್ನಡದಲ್ಲಿ ಆ ಬಾಗಿಲು ತೆರೆದವರು ಸಂಡೂರಿನ ವಸುಧೇಂದ್ರ. 1969ರಲ್ಲಿ ಹುಟ್ಟಿದವರು, ಸಾಫ್ಟ್‌ವೇರ್ ಕೆಲಸದಲ್ಲಿದ್ದವರು, 'ಛಂದ ಪುಸ್ತಕ' ಎಂಬ ಪ್ರಕಾಶನ ನಡೆಸುವವರು. 2013ರಲ್ಲಿ ಅವರ 'ಮೋಹನಸ್ವಾಮಿ' ಕಥಾಸಂಕಲನ ಬಂತು. ಅದರ ಮೊದಲ ಕಥೆ ಪತ್ರಿಕೆಯಲ್ಲಿ ಅಚ್ಚಾದಾಗ ಅವರು ಬೇರೆ ಹೆಸರು ಹಾಕಿದ್ದರು. ಪುಸ್ತಕಕ್ಕೆ ತಮ್ಮ ಹೆಸರನ್ನೇ ಹಾಕಿದರು, ತಾವೂ ಸಲಿಂಗ ಪ್ರೇಮಿ ಎಂದು ಹೇಳಿಕೊಂಡರು. 2016ರಲ್ಲಿ ರಶ್ಮಿ ತೇರದಾಳ ಅವರ ಇಂಗ್ಲಿಷ್ ಅನುವಾದವೂ ಬಂತು.

'ಮೋಹನಸ್ವಾಮಿ' ಪತ್ತೇದಾರಿ ಪುಸ್ತಕವಲ್ಲ. ಆದರೆ ಒಬ್ಬನೇ ನಾಯಕ ಕಥೆಯಿಂದ ಕಥೆಗೆ ಬರುತ್ತಾನೆ, ಹಾಗಾಗಿ ಅದೂ ಒಂದು ಬಗೆಯ ಸರಣಿಯೇ. ಸೈಕಲ್ ಕಲಿಯಲಾಗದ ಹುಡುಗನಾಗಿ, ಬೆಂಗಳೂರಿನಲ್ಲಿ ಕಾರ್ತಿಕ್ ಎಂಬುವನ ಜೊತೆ ಮನೆ ಮಾಡಿದವನಾಗಿ, ಕೊನೆಗೆ ಕಿಲಿಮಂಜಾರೊ ಬೆಟ್ಟ ಹತ್ತುವವನಾಗಿ ಮೋಹನಸ್ವಾಮಿ ಸಿಗುತ್ತಾನೆ. ಕಾರ್ತಿಕ್ ಜೊತೆಗಿನ ಬಾಳು ಮಾತ್ರ ಉಳಿಯುವುದಿಲ್ಲ. ಕಾರ್ತಿಕನಿಗೆ ಹೆಣ್ಣು ಗೊತ್ತಾಗುತ್ತದೆ. ಅವನು ಲಗ್ನದ ಕಡೆ ಹೋಗುತ್ತಾನೆ, ಇವನು ಅದೇ ಮನೆಯಲ್ಲಿ ಉಳಿಯುತ್ತಾನೆ.

ಆ ಸಂಕಲನದಲ್ಲಿ 'ತಗಣಿ' ಎಂಬ ಕಥೆಯಿದೆ. ಹಳ್ಳಿಯೊಂದರ ಹೆಣ್ಣಿಗ ಸ್ವಭಾವದ ಯುವಕನ ಕಥೆ. ಅವನನ್ನು ಕೊಲ್ಲುವುದು ಹೊರಗಿನವರಲ್ಲ, ಮನೆಯವರೇ. ಪತ್ತೇದಾರಿ ಕಥೆಯಲ್ಲಿ ಕೊಲೆಗಾರ ಯಾರೆಂದು ಗೊತ್ತಿಲ್ಲದೆ ಊರು ಕಂಗಾಲಾಗುತ್ತದೆ. ಇಲ್ಲಿ ಪತ್ತೆ ಮಾಡಲು ಏನೂ ಇಲ್ಲ, ಗುಟ್ಟು ಮನೆಯೊಳಗೇ ಇದೆ. ಕನ್ನಡದಲ್ಲಿ ಓದಿದ ಕೊಲೆಗಳಲ್ಲಿ ನಮ್ಮ ನಿದ್ದೆ ಕೆಡಿಸಿದ್ದು ಇದೊಂದೇ.

ಪುಸ್ತಕ ಬಂದ ಮೇಲೆ ಸಣ್ಣ ಊರು, ಹಳ್ಳಿಗಳಿಂದ ತಮಗೆ ಕರೆ ಮಾಡುವವರ ಬಗ್ಗೆ ವಸುಧೇಂದ್ರ ಹಲವು ಕಡೆ ಮಾತನಾಡಿದ್ದಾರೆ. ಅಂಥವರ ಮಾತು ಕೇಳಲೆಂದೇ ಆಪ್ತಸಮಾಲೋಚನೆಯ ತರಬೇತಿಯನ್ನೂ ಪಡೆದರು. ಬರೆದ ಕಥೆಗೆ ಹೀಗೆ ಫೋನಿನಲ್ಲಿ ಉತ್ತರ ಬರುವುದು ಲೇಖಕರಿಗೆ ಅಪರೂಪ.

ನಮ್ಮ ನೆಲದಲ್ಲಿ ಇಂಥ ಪ್ರೀತಿಗೆ ಮಾತೇ ಇರಲಿಲ್ಲವೇ? ಇತ್ತು, ಆದರೆ ವಿಚಿತ್ರ ರೀತಿಯಲ್ಲಿ ಇತ್ತು. ಬಸವಣ್ಣ ಹುಟ್ಟಿದ ಬಾಗೇವಾಡಿಯ ಪರಂಪರೆಯಲ್ಲಿ 'ಶರಣಸತಿ ಲಿಂಗಪತಿ' ಎಂಬ ಭಾವ ಉಂಟು. ಗಂಡಸಾದ ಶರಣನೂ ತಾನು ಸತಿ, ಲಿಂಗವೇ ಪತಿ ಎಂದು ಹಂಬಲಿಸುತ್ತಾನೆ. ಸಿಂದಗಿ ತಾಲ್ಲೂಕಿನ ಯರಗಲ್ಲಿನ ಎಂ.ಎಂ. ಕಲಬುರ್ಗಿಯವರು ವಚನಗಳ ಸಂಪುಟಗಳನ್ನು ಸಂಪಾದಿಸಿ ಎಲ್ಲರ ಕೈಗೆ ಸಿಗುವಂತೆ ಮಾಡಿದ ಮೇಲೆ ಈ ಭಾವವನ್ನು ಮೂಲದಲ್ಲೇ ಓದುವುದು ಸುಲಭವಾಯಿತು. ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ 'ಹಲಸಂಗಿ ಗೆಳೆಯರು' ಎಂದೇ ಹೆಸರಾದರು. ಹೆಂಗಸರ ಬೀಸುಕಲ್ಲಿನ ಹಾಡುಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ತಂದರು. ಮಧುರಚೆನ್ನರ ಕವಿತೆಗಳ ಪುಸ್ತಕದ ಹೆಸರು 'ನನ್ನ ನಲ್ಲ'. ಅಲ್ಲಿ ನಲ್ಲ ಎಂದರೆ ದೇವರು.

ಇವರ ಸ್ವಂತ ಬದುಕಿನ ಬಗ್ಗೆ ನಾವು ಯಾವ ಸೂಚನೆಯನ್ನೂ ಕೊಡುತ್ತಿಲ್ಲ, ಹಾಗೆ ಓದಬೇಡಿ. ಅದು ಭಕ್ತಿಯ ಮಾತು. ನಾವು ಗಮನಿಸಿದ್ದು ಭಾಷೆಯನ್ನು. ಗಂಡಸೊಬ್ಬ ದೇವರನ್ನು ನಲ್ಲ ಎಂದರೆ ನಾವು ಕೈ ಮುಗಿಯುತ್ತೇವೆ, ಪಕ್ಕದ ಓಣಿಯ ಗಂಡಸನ್ನು ನಲ್ಲ ಎಂದರೆ ಕಲ್ಲು ಹುಡುಕುತ್ತೇವೆ.

ಯಲ್ಲಮ್ಮನ ಹೆಸರಿನ ಜೋಗಪ್ಪ, ಜೋಗತಿಯರು ನಮ್ಮ ಜಾತ್ರೆಗಳಿಗೆ ಹೊಸಬರಲ್ಲ. ಅದೇ ಪರಂಪರೆಯ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಸೀರೆ ಉಟ್ಟು ಬದಲಾದವರಿಗೆ ಊರು ಒಂದು ಹೆಸರು, ಒಂದು ಜಾಗ ಕೊಟ್ಟಿದೆ, ಅದು ಗೌರವದ ಜಾಗ ಹೌದೋ ಅಲ್ಲವೋ ಎಂಬುದು ಬೇರೆ ಚರ್ಚೆ. ಆದರೆ ಅಂಗಿ, ಪ್ಯಾಂಟು ತೊಟ್ಟು, ಗಂಡಸಾಗಿಯೇ ಇದ್ದು, ಇನ್ನೊಬ್ಬ ಗಂಡಸಿನ ಜೊತೆ ಬಾಳು ಮಾಡಬೇಕೆನ್ನುವವನಿಗೆ ಊರಿನಲ್ಲಿ ಬೈಗುಳ ಬಿಟ್ಟು ಬೇರೆ ಹೆಸರಿಲ್ಲ.

ಕಾನೂನಿನಲ್ಲಿ ಮಾತ್ರ ಒಂದು ಹೆಸರಿತ್ತು: 377. ಬ್ರಿಟಿಷರು 1860ರಲ್ಲಿ ಮಾಡಿದ ದಂಡಸಂಹಿತೆಯ ಕಲಂ ಅದು, 1862ರಿಂದ ಜಾರಿಗೆ ಬಂತು. ನಮ್ಮ ಸೀಮೆ ಆಗ ಮುಂಬಯಿ ಪ್ರಾಂತದಲ್ಲಿತ್ತು. ಜೀವಾವಧಿಯವರೆಗೂ ಶಿಕ್ಷೆ ಕೊಡಬಹುದಿತ್ತು. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್, ವಯಸ್ಕರು ಒಪ್ಪಿ ಕೂಡಿದರೆ ಅಪರಾಧವಲ್ಲ ಎಂದಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಿರುಗಿಸಿತು. 'ಮೋಹನಸ್ವಾಮಿ' ಬಂದ ವರ್ಷವೇ ಅದು, ಪುಸ್ತಕದ ನಾಯಕ ಮತ್ತೆ ಅಪರಾಧಿಯಾದ. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ಭಾಗವನ್ನು ಕೊನೆಗೂ ಕಿತ್ತು ಹಾಕಿತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಂ ಇಲ್ಲ. ಇವತ್ತು ಇಬ್ಬರು ವಯಸ್ಕ ಗಂಡಸರು ಪ್ರೀತಿಸಿ ಒಟ್ಟಿಗಿದ್ದರೆ ಅದಕ್ಕಾಗಿ ಪೊಲೀಸರು ಕೇಸು ಹಾಕುವಂತಿಲ್ಲ. ಯಾರಾದರೂ 377ರ ಹೆಸರು ಹೇಳಿ ಹಣ ಕೇಳಿದರೆ ಅದು ಮೋಸ. ಇದನ್ನು ಗಟ್ಟಿಯಾಗಿ ಹೇಳುವ ಅಗತ್ಯವಿದೆ.

ಕಾನೂನು ಹೋಯಿತು, ಊರಿನ ಕಣ್ಣು ಉಳಿಯಿತು. ಮುದ್ದೇಬಿಹಾಳ, ಸಿಂದಗಿಯಿಂದ ಗೋವಾ, ಪುಣೆ, ಬೆಂಗಳೂರಿಗೆ ದುಡಿಯಲು ಹೋದ ಗಂಡಸರು ನಾಲ್ಕೈದು ಮಂದಿ ಒಂದೇ ಖೋಲಿಯಲ್ಲಿ ಇರುತ್ತಾರೆ. ವಿಜಯಪುರದಲ್ಲಿ ಓದುವ ಹುಡುಗರೂ ಹಾಗೆಯೇ. ಹೋಮ್ಸನ ಮನೆಯಂತೆ, ಬ್ಯೋಮಕೇಶನ ಮೆಸ್ಸಿನಂತೆ ಯಾರೂ ಏನೂ ಕೇಳುವುದಿಲ್ಲ. ಕೇಳುವುದು ಶುರುವಾಗುವುದು ಇಪ್ಪತ್ತೆಂಟು ದಾಟಿದ ಮೇಲೆ. "ಯಾಕಪಾ, ಇನ್ನೂ ಲಗ್ನ ಇಲ್ಲೇನು? ಕನ್ಯಾ ನೋಡೂಣೇನು?" ಆಮೇಲೆ ಪ್ರತಿಯೊಬ್ಬರೂ ಪತ್ತೇದಾರರು. ಖೋಲಿ ಮಾಲೀಕರು, ಹಾಲಿನವರು, ಕಿರಾಣಿ ಅಂಗಡಿಯವರು, ಮಾವ, ಚಿಕ್ಕಪ್ಪ. ಸಣ್ಣ ಊರಿನ ರಹಸ್ಯ ಕಥೆ ಓದಲು ಹಿತವಾಗಿರುವುದು ಅಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತಿರುವುದರಿಂದ. ಬದುಕಲು ಕಷ್ಟವಾಗುವುದೂ ಅದರಿಂದಲೇ.

ಈ ಪತ್ತೇದಾರಿಕೆ ಮುಗಿಯುವುದು ಬಹಳ ಸಲ ಮಂಟಪದಲ್ಲಿ. ಅಲ್ಲಿ ಇನ್ನೊಬ್ಬಳು ಕೂತಿರುತ್ತಾಳೆ, ಅವಳಿಗೆ ಏನೂ ಗೊತ್ತಿರುವುದಿಲ್ಲ. ಚಿನ್ನ ಕೊಟ್ಟು, ಸಾಲ ಮಾಡಿ, ಅಪ್ಪ ಅವ್ವ ಅವಳನ್ನು ಕಳಿಸಿರುತ್ತಾರೆ. ಆಮೇಲೆ ಮಕ್ಕಳಾಗಲಿಲ್ಲವೆಂದರೆ ದೋಷ ಅವಳ ತಲೆಗೆ. ಕಾರ್ತಿಕ್ ಮದುವೆಯಾದಾಗ ಓದುಗರು ಮೋಹನಸ್ವಾಮಿಗಾಗಿ ಮರುಗುತ್ತಾರೆ, ಸರಿ. ಕಾರ್ತಿಕನ ಕೈ ಹಿಡಿದ ಹುಡುಗಿ ನಮ್ಮ ನಾಲ್ಕು ತಾಲ್ಲೂಕಿನ ಯಾರದೋ ಮನೆಯ ಮಗಳಾಗಿರಬಹುದು. "ಲಗ್ನ ಮಾಡಿದ್ರ ಸರಿ ಹೋಗ್ತಾನ" ಎನ್ನುವ ಹಿರಿಯರು ಆ ಮಗಳ ಬಗ್ಗೆ ಒಂದು ನಿಮಿಷ ಯೋಚಿಸಬೇಕು ಎಂಬುದು ನಮ್ಮ ಕೋರಿಕೆ.

ಸರಿ ಮಾಡಿಸಲು ಆಸ್ಪತ್ರೆಗೆ ಕರೆದೊಯ್ಯುವವರೂ ಇದ್ದಾರೆ. ಇದು ರೋಗವಲ್ಲ. ಇದನ್ನು 'ಬದಲಾಯಿಸುತ್ತೇವೆ' ಎಂದು ಚಿಕಿತ್ಸೆ ಕೊಡುವುದು ವೈದ್ಯರ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಮನಸ್ಸಿಗೆ ಬೇಸರ, ಸಾಯಬೇಕೆನ್ನುವ ಯೋಚನೆ ಬಂದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡಿಲ್ಲ.

ಮದುವೆಯ ಹಕ್ಕು ಇನ್ನೂ ಸಿಕ್ಕಿಲ್ಲ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್, ಅದನ್ನು ಕೊಡುವುದು ಬಿಡುವುದು ಶಾಸನ ಮಾಡುವವರ ಕೆಲಸ ಎಂದಿತು. ಆದರೆ ಆ ತೀರ್ಪಿನ ನಂತರ, 2024ರಲ್ಲಿ, ಕೇಂದ್ರ ಸರ್ಕಾರ ಎರಡು ಸಣ್ಣ ಕೆಲಸ ಮಾಡಿತು. ಇಂಥ ಜೋಡಿ ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಒಬ್ಬರು ಇನ್ನೊಬ್ಬರನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಸ್ಪಷ್ಟಪಡಿಸಿತು. ರೇಷನ್ ಕಾರ್ಡಿನ ಮಟ್ಟಿಗೆ ಅವರನ್ನು ಒಂದೇ ಮನೆಯವರೆಂದು ತಿಳಿಯಬೇಕೆಂದು ರಾಜ್ಯಗಳಿಗೆ ಬರೆಯಿತು. ದೊಡ್ಡ ಸುದ್ದಿಯಾಗಲಿಲ್ಲ. ನಮಗೆ ಮಾತ್ರ ಇದು ಕಾದಂಬರಿಯ ಮುಂದಿನ ಅಧ್ಯಾಯದಂತೆ ಕಂಡಿತು, ಏಕೆಂದರೆ ಸಂಸಾರ ಎಂಬುದು ನಮ್ಮ ಊರುಗಳಲ್ಲಿ ಕಣ್ಣಿಗೆ ಕಾಣುವುದು ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ.

ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಮನೆಯ ಹಿರಿಯ ಹೆಂಗಸೇ ಕಾರ್ಡಿನಲ್ಲಿ ಕುಟುಂಬದ ಮುಖ್ಯಸ್ಥೆ. ಇಬ್ಬರು ಗಂಡಸರ ಮನೆಯಲ್ಲಿ ಅವರಿಬ್ಬರಲ್ಲಿ ಹಿರಿಯವನು ಆ ಜಾಗಕ್ಕೆ ಬರಬೇಕಾಗುತ್ತದೆ. ಕೆಳಗೆ ಎರಡನೆಯವನ ಹೆಸರು, ವಯಸ್ಸು, ಆಧಾರ್ ಸಂಖ್ಯೆ. ಪಕ್ಕದಲ್ಲಿ ಒಂದು ಕಲಂ ಇರುತ್ತದೆ, 'ಮುಖ್ಯಸ್ಥರೊಂದಿಗೆ ಸಂಬಂಧ'. ಸಿಂದಗಿಯಲ್ಲೋ ಇಂಡಿಯಲ್ಲೋ ಅಂಥ ಅರ್ಜಿಯೊಂದು ಬಂದ ದಿನ, ಕಂಪ್ಯೂಟರ್ ಮುಂದೆ ಕೂತ ಹುಡುಗ ತಲೆ ಎತ್ತಿ, "ಇಲ್ಲಿ ಏನಂತ ಹಾಕ್ಲಿ ರೀ?" ಎಂದು ಕೇಳಲೇಬೇಕಾಗುತ್ತದೆ.